ಬಿತ್ತನೆ ಶೇಂಗಾ, ಹದಿನೇಳರ ಮಗ್ಗಿ

ನಮ್ಮೂರ ಶಾಲೆಯ ಇತಿಹಾಸ ಬರೆದುಕೊಡಿ ಎಂದು ಕೇಳಲು ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದ. ಬರುವಾಗ ಅರ್ಧ ಕೆಜಿ ಮೈಸೂರುಪಾಕನ್ನೂ ತಂದಿದ್ದ. ನಾನು ಅದೇ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು, ಆಮೇಲೆ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಇಂಥ ಕೆಲಸಕ್ಕೆ ನನ್ನಂಥವರನ್ನು ಬಿಟ್ಟರೆ ಪುಕ್ಕಟೆ ಸಿಗುವವರು ಯಾರು?

“ನಾಕು ಪೇಜು ಸಾಕು ಮೇಡಂ. ಸ್ಮರಣ ಸಂಚಿಕೆ ತರ್ತಿದೀವಿ. ಹಳೇದೊಂದು ಬರೆದಿದ್ದು ಐತೆ, ಅದನ್ನೇ ಒಂಚೂರು ಚಂದ ಮಾಡ್ಕೊಡ್ರಿ,” ಎಂದು ಟೈಪು ಮಾಡಿದ ಎರಡು ಹಾಳೆಗಳನ್ನು ಮುಂದಿಟ್ಟ.

ಅವನು ಹೋದ ಮೇಲೆ ಓದಿದೆ. ಮೊದಲ ಹಾಳೆಯ ತುಂಬ ಜಾಗ ಕೊಟ್ಟವರು, ಬಾಗಿಲು ಕೊಟ್ಟವರು, ಫ್ಯಾನು ಕೊಟ್ಟವರು. ಎರಡನೆಯದರಲ್ಲಿ ‘ನಮ್ಮ ಶಾಲೆಯ ಮಗ್ಗಿ ಪರಂಪರೆ’ ಎಂಬ ತಲೆಬರಹ. ಇಡೀ ತಾಲ್ಲೂಕಿನಲ್ಲಿ ಮಗ್ಗಿಗೆ ಹೆಸರಾದ ಶಾಲೆ ನಮ್ಮದು. ಈ ಪರಂಪರೆಯನ್ನು ಆರಂಭಿಸಿದವರು ಊರಿನ ಸಾವ್ಕಾರರ ತಾಯಿ. ಸ್ವತಃ ಅಕ್ಷರ ಬಾರದಿದ್ದರೂ ಆ ಮಹಾತಾಯಿ ದಿನವೂ ಶಾಲೆಗೆ ಬಂದು, ಪಡಸಾಲೆಯಲ್ಲಿ ಕುಳಿತು, ಹೆಣ್ಣುಮಕ್ಕಳಿಂದ ಮಗ್ಗಿ ಹೇಳಿಸಿ ಕೇಳುತ್ತಿದ್ದರು. ಹೀಗೆ ಬರೆದಿತ್ತು. ಈ ಮಹಾತಾಯಿ ಎಂದರೆ ಅಧ್ಯಕ್ಷನ ಮುತ್ತಜ್ಜಿ.

ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವರು ದಿನವೂ ಬರುತ್ತಿದ್ದರು, ಕುಳಿತು ಕೇಳುತ್ತಿದ್ದರು. ಯಾಕೆ ಕೇಳುತ್ತಿದ್ದರು ಎನ್ನುವುದನ್ನು ಮಾತ್ರ ಹಾಳೆ ಬರೆದವರು ಬಿಟ್ಟಿದ್ದರು. ಅದೇ ಪಡಸಾಲೆಯಲ್ಲಿ ಇನ್ನೊಬ್ಬರು ಇದ್ದರು, ನಮ್ಮ ಟೀಚರಮ್ಮ. ಮಗ್ಗಿ ಕಲಿಸಿದ್ದು ಅವರು. ಅವರ ಬಗ್ಗೆ ಎರಡು ಹಾಳೆಯಲ್ಲಿ ಒಂದಕ್ಷರವಿಲ್ಲ. ಊರಿನವರು ಅವರನ್ನು ನೆನೆಯುವುದೇ ಆದರೆ ‘ಶೇಂಗಾ ಕದ್ದ ಟೀಚರಮ್ಮ’ ಎಂದು ನೆನೆಯುತ್ತಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಮೈಸೂರುಪಾಕನ್ನು ಪಕ್ಕದ ಮನೆಗೆ ಕೊಟ್ಟು ಬಂದು, ಆ ಮಾತನ್ನು ಅಳಿಸಿಹಾಕಲೇಬೇಕೆಂದು ಬರೆಯಲು ಕುಳಿತೆ.

ನಮ್ಮೂರು ಮೊಳಕಾಲ್ಮುರು ತಾಲ್ಲೂಕಿನ ಒಂದು ತುದಿಯಲ್ಲಿದೆ. ಆಗ ದೇವಸಮುದ್ರದ ಕಡೆ ಹೋಗುವ ಬಸ್ಸಿನಿಂದ ಇಳಿದು ಬಹಳ ದೂರ ನಡೆಯಬೇಕಿತ್ತು. ಆಂಧ್ರ ಹತ್ತಿರವಾದ್ದರಿಂದ ಮನೆಯಲ್ಲಿ ಅರ್ಧ ತೆಲುಗು, ಶಾಲೆಯಲ್ಲಿ ಮಾತ್ರ ಪೂರ್ತಿ ಕನ್ನಡ. ಮೊದಲು ನಾಲ್ಕು ತರಗತಿಗಳು ಊರ ಚಾವಡಿಯಲ್ಲೇ ನಡೆಯುತ್ತಿದ್ದವಂತೆ. ಆಮೇಲೆ ಊರಾಚೆ ಕಡಪ ಕಲ್ಲು ಹೊದಿಸಿದ ಎರಡು ಕೋಣೆ, ಅದರ ಮುಂದೊಂದು ಉದ್ದನೆಯ ಪಡಸಾಲೆ ಎದ್ದು, ಐದರಿಂದ ಏಳರವರೆಗಿನ ತರಗತಿಗಳು ಮಂಜೂರಾದವು. ದೊಡ್ಡವರು ಅದನ್ನು ‘ಮಿಡ್ಲಿಸ್ಕೂಲು’ ಎನ್ನುತ್ತಿದ್ದರು, ಎಷ್ಟೋ ಜನ ಈಗಲೂ ಹಾಗೇ ಅನ್ನುತ್ತಾರೆ. ಮಂಜೂರಾತಿಯಲ್ಲಿ ಒಂದು ಕೊಕ್ಕೆ ಇತ್ತು. ಹಾಜರಿ ಕಡಿಮೆಯಾದರೆ ಮೇಲಿನ ಮೂರು ತರಗತಿಗಳನ್ನು ಹೋಬಳಿಯ ಶಾಲೆಗೆ ಸೇರಿಸಿಬಿಡುತ್ತೇವೆ ಎಂದು ಇಲಾಖೆಯವರು ಹೇಳಿದ್ದರು. ಗಂಡುಮಕ್ಕಳಾದರೆ ಅಷ್ಟು ದೂರ ನಡೆದು ಹೋದಾರು. ಹೆಣ್ಣುಮಕ್ಕಳ ಓದು ನಾಲ್ಕಕ್ಕೇ ಮುಗಿಯುತ್ತಿತ್ತು.

ಶಾಲೆ ತೆರೆಯುವುದು ಜೂನ್ ತಿಂಗಳಲ್ಲಿ. ನಮ್ಮ ಕಡೆ ಶೇಂಗಾ ಬಿತ್ತನೆಗೆ ಬೀಜ ಅಣಿಮಾಡುವುದೂ ಆಗಲೇ. ಬಿತ್ತನೆಯ ಕಾಯನ್ನು ಕೈಯಲ್ಲೇ ಸುಲಿಯಬೇಕು, ಯಂತ್ರಕ್ಕೆ ಹಾಕಿದರೆ ಕಾಳು ಹೋಳಾಗಿ ಮೊಳಕೆ ಬರುವುದಿಲ್ಲ. ಸಾವ್ಕಾರರಿಗೆ ಹೊಲವೂ ಬಹಳ ಇತ್ತು, ಬೀಜದ ವ್ಯಾಪಾರವೂ ಇತ್ತು. ಅವರ ಮನೆಯ ಹಿಂದಿನ ಅಂಗಳದಲ್ಲಿ ಚೀಲಗಟ್ಟಲೆ ಕಾಯಿ ಸುರಿದು ಊರಿನ ಹೆಣ್ಣುಮಕ್ಕಳನ್ನೆಲ್ಲ ಕೂರಿಸುತ್ತಿದ್ದರು. ಸಣ್ಣ ಬೆರಳಾದರೆ ಕಾಳಿಗೆ ಪೆಟ್ಟಾಗುವುದಿಲ್ಲ ಎಂದು ಅವರ ನಂಬಿಕೆ. ವಾರ ಕಳೆಯುವುದರೊಳಗೆ ಹೆಬ್ಬೆರಳ ತುದಿಯ ಚರ್ಮ ಕಿತ್ತುಬಂದು, ಮುದ್ದೆ ಮುರಿದು ಸಾರಿಗೆ ಅದ್ದುವಾಗ ಚುರ್ ಎನ್ನುತ್ತಿತ್ತು.

ಸುಲಿಯುವವರು ಕಾಳು ತಿನ್ನಬಾರದು. ಅದಕ್ಕೆ ಸಾವ್ಕಾರರ ತಾಯಿ ಒಂದು ಉಪಾಯ ಹೂಡಿದ್ದರು. ಸುಲಿಯುವಷ್ಟು ಹೊತ್ತೂ ಬಾಯಿ ಆಡುತ್ತಿರಬೇಕು. ದೇವರ ನಾಮವೋ, ಮದುವೆಮನೆಯ ಹಾಡೋ, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಹೇಳುತ್ತಲೇ ಇರಬೇಕು. ಹೇಳುವ ಬಾಯಿ ಅಗಿಯಲಾರದಲ್ಲ. ಅವರಿಗೆ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಬಲು ಚುರುಕು. ಅಷ್ಟು ಜನರಲ್ಲಿ ಒಬ್ಬಳ ದನಿ ನಿಂತರೂ ತಿಳಿದುಬಿಡುತ್ತಿತ್ತು. “ಆ ಮೂಲ್ಯಾಗೆ ಒಂದು ದನಿ ಕಮ್ಮಿ ಆತಲ್ಲೇ, ಯಾವಳದು?” ಎಂದು ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಆ ಪ್ರಾಯದ ಹೊಟ್ಟೆಗೆ ಎದುರಿಗೇ ರಾಶಿ ಬಿದ್ದ ಶೇಂಗಾ ಏನೆಂದು ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಆ ಉಪಾಯ ಹೂಡಿದ್ದು.

ಟೀಚರಮ್ಮ ನಮ್ಮೂರಿಗೆ ಬಂದಾಗ ನಾನು ಐದನೇ ತರಗತಿ. ದಾವಣಗೆರೆ ಕಡೆಯವರು, ಇನ್ನೂ ಮದುವೆಯಾಗಿರಲಿಲ್ಲ, ಊರೊಳಗೇ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಬಂದ ಎರಡನೇ ವಾರವೇ ಶಾಲೆಯಲ್ಲಿ ಹೆಣ್ಣುಮಕ್ಕಳು ಖಾಲಿ. ಹೆಡ್‌ಮಾಸ್ತರರು “ಸುಲಿಯೋ ಕಾಲ ಮುಗೀಲಿ, ಬರ್ತಾವೆ ಬಿಡಿ” ಎಂದು ಕುರ್ಚಿಗೆ ಒರಗಿದರು. ಟೀಚರಮ್ಮ ಒರಗುವ ಜಾತಿಯವರಲ್ಲ. ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ನೇರ ಸಾವ್ಕಾರರ ಅಂಗಳಕ್ಕೆ ಬಂದರು. ನಾವು ಸಾಲಾಗಿ ಕುಳಿತು ಗಂಟಲು ಹರಿಯುವಂತೆ ಹಾಡುತ್ತ ಕಾಯಿ ಒತ್ತುತ್ತಿದ್ದೆವು. ಅವರು ಬೈಯುತ್ತಾರೆ ಅಂದುಕೊಂಡೆ. ಅವರು ಸುಮ್ಮನೆ ನಿಂತು, ಆ ಮುದುಕಿ ದನಿ ಎಣಿಸುವುದನ್ನೇ ನೋಡಿದರು.

ಆಮೇಲೆ ಸಾವ್ಕಾರರಿಗೆ ಹೇಳಿದರು: “ಸಾವ್ಕಾರ್ರೇ, ಕಾಯಿ ಚೀಲ ಶಾಲೆಗೇ ಕಳಿಸಿ. ಮಕ್ಕಳು ಅಲ್ಲೇ ಸುಲಿದುಕೊಡ್ತಾರೆ. ಬಾಯಿ ಆಡ್ಬೇಕು ಅಷ್ಟೇ ತಾನೆ? ನಾನು ಆಡಿಸ್ತೀನಿ.”

ಸಾವ್ಕಾರರು ತಾಯಿಯ ಮುಖ ನೋಡಿದರು. ಮುದುಕಿ ಬಾಯೊಳಗಿನ ಎಲೆಅಡಿಕೆ ಒಂದು ಕಡೆ ಸರಿಸಿ, “ಎಲ್ಲಿ ಕುಂತ್ರೇನು, ಬಾಯಿ ಸುಮ್ನಾಗಬಾರ್ದು ನೋಡಮ್ಮ. ನಾನೇ ಬಂದು ಕುಂತ್ಕಂತೀನಿ,” ಎಂದರು. ಪರಂಪರೆ ಶುರುವಾದದ್ದು ಹೀಗೆ.

ಮಾರನೇ ದಿನದಿಂದ ಪಡಸಾಲೆಯ ಒಂದು ತುದಿಗೆ ಚೀಲಗಳು, ಇನ್ನೊಂದು ತುದಿಗೆ ಸ್ಟೂಲಿನ ಮೇಲೆ ಮುದುಕಿ, ನಡುವೆ ನಾವು. ಮಗ್ಗಿ, ಪದ್ಯ, ನದಿಗಳು, ರಾಜರು, ವಿಭಕ್ತಿ ಪ್ರತ್ಯಯ, ಎಲ್ಲವೂ ಬಾಯಿಯಲ್ಲೇ. ಒಮ್ಮೆ ಟೀಚರಮ್ಮ ನಮ್ಮನ್ನು ಎರಡು ಭಾಗ ಮಾಡಿ, ಒಂದು ಭಾಗ ‘ಹದಿನೇಳೆಂಟ್ಲಿ?’ ಎಂದು ಕೇಳುವುದು, ಇನ್ನೊಂದು ಭಾಗ ‘ನೂರಾ ಮೂವತ್ತಾರು’ ಎಂದು ಹೇಳುವುದು ಎಂದು ಮಾಡಿದರು. ಮುದುಕಿ ಒಪ್ಪಲಿಲ್ಲ. “ಅರ್ಧ ಬಾಯಿ ಪುಕ್ಸಟ್ಟೆ ಕುಂತಾವಲ್ಲಮ್ಮ,” ಎಂದು ಜಗಳಕ್ಕೆ ನಿಂತರು. ಎಲ್ಲರೂ ಎಲ್ಲವನ್ನೂ ಹೇಳಬೇಕಾಯಿತು. ಕೇಳಿ ಕೇಳಿ ಮುದುಕಿಗೂ ಇಪ್ಪತ್ತರವರೆಗೆ ಮಗ್ಗಿ ಬಂದುಬಿಟ್ಟಿತು. ಯಾರಾದರೂ ತಪ್ಪಿದರೆ ಟೀಚರಮ್ಮನಿಗಿಂತ ಮೊದಲು ಅವರೇ ಕೋಲು ಕುಟ್ಟುತ್ತಿದ್ದರು.

ಶಾಲೆಯಲ್ಲಿ ಮಕ್ಕಳಿಂದ ಕೂಲಿ ಮಾಡಿಸಿದ್ದು ಸರಿಯೇ ಎಂದು ಈಗಿನವರು ಕೇಳಬಹುದು. ಕೇಳಲಿ. ಹಾಗೆ ಕೇಳುವವರ ಓದು ನಾಲ್ಕಕ್ಕೆ ನಿಲ್ಲುವ ಹಾಗಿರಲಿಲ್ಲ. ಟೀಚರಮ್ಮನಿಗೂ ಅದು ಸರಿ ಕಂಡಿರಲಿಕ್ಕಿಲ್ಲ. ಶನಿವಾರ ಚೀಲ ಖಾಲಿಯಾದ ಮೇಲೆ ನಮ್ಮ ಹೆಬ್ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುವಾಗ ಅವರು ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಹಾಜರಿ ಮಾತ್ರ ತುಂಬಿತು, ತರಗತಿಗಳು ಉಳಿದವು. ತಾಲ್ಲೂಕಿನಲ್ಲಿ ಎಲ್ಲೇ ಮಗ್ಗಿ ಸ್ಪರ್ಧೆ ನಡೆದರೂ ನಮ್ಮ ಹುಡುಗಿಯರು ಬಂದರೆಂದರೆ ಬೇರೆ ಶಾಲೆಯ ಮಾಸ್ತರರು ಮೂಗು ಮುರಿಯುತ್ತಿದ್ದರು.

ಏಳನೇ ತರಗತಿಗೆ ಬರುವಷ್ಟರಲ್ಲಿ ಮಗ್ಗಿ ಹೇಳಿಸುವವಳು ನಾನೇ ಆಗಿದ್ದೆ. ನಾನು ಮುಂದೆ ಕುಳಿತು ಒಂದು ಸಾಲು ಹೇಳುವುದು, ಉಳಿದವರು ನನ್ನ ಹಿಂದೆ ಹೇಳುವುದು. ಮೊಳಕಾಲ್ಮುರಿನ ಸ್ಪರ್ಧೆಯಲ್ಲಿ ನಾನು ಗೆದ್ದಾಗ ಟೀಚರಮ್ಮ ತಮ್ಮ ಕೈಯಿಂದ ಒಂದು ಕಂಪಾಸ್ ಪೆಟ್ಟಿಗೆ ತಂದುಕೊಟ್ಟರು. ತಗಡಿನ ಮೇಲೆ ಹಳದಿ ಬಣ್ಣ. ಅಂಥದ್ದು ಊರಲ್ಲಿ ಇನ್ಯಾರ ಹತ್ತಿರವೂ ಇರಲಿಲ್ಲ. ಅದನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆ.

ಆ ಪೆಟ್ಟಿಗೆಯಲ್ಲೇ ನಾನು ಕದ್ದದ್ದು.

ಮುದುಕಿಯ ಕಾವಲೆಲ್ಲ ಬಾಯಿಯ ಮೇಲೆ ಇತ್ತು. ಎಲ್ಲರಿಗಿಂತ ಗಟ್ಟಿಯಾಗಿ, ಒಂದು ಕ್ಷಣವೂ ನಿಲ್ಲಿಸದೆ ಹೇಳುತ್ತಿದ್ದ ನನ್ನ ಬಾಯಿಯ ಬಗ್ಗೆ ಅವರಿಗೆ ಅನುಮಾನವೇ ಇರಲಿಲ್ಲ. ನನ್ನ ಕೈಯನ್ನು ನೋಡಲು ಅವರಿಗೆ ಕಣ್ಣಿರಲಿಲ್ಲ. ಮೊದಲ ದಿನ ತಿನ್ನಬೇಕೆಂದೇ ಒಂದು ಹಿಡಿ ಕಾಳನ್ನು ಪೆಟ್ಟಿಗೆಗೆ ಹಾಕಿಕೊಂಡೆ. ಮನೆಗೆ ಹೋಗಿ ತೆರೆದಾಗ ಅವ್ವ ನೋಡಿದಳು. ಆ ವರ್ಷ ನಮ್ಮ ಮನೆಯ ಬೀಜಕ್ಕೆ ಹುಳು ಹೊಡೆದಿತ್ತು, ಎರಡು ಪಟ್ಟೆ ಹೊಲ ಬಿತ್ತುವುದಕ್ಕೆ ಏನೂ ಇರಲಿಲ್ಲ. ಎಲ್ಲಿಯದು ಎಂದು ಅವ್ವ ಕೇಳಲಿಲ್ಲ, ಬೈಯಲಿಲ್ಲ. ಒಳಗಿನಿಂದ ಒಂದು ಗಡಿಗೆ ತಂದು ನನ್ನ ಮುಂದಿಟ್ಟಳು. ನಾನು ಅದರೊಳಕ್ಕೆ ಸುರಿದೆ. ಮಾರನೇ ದಿನವೂ ಗಡಿಗೆ ಅಲ್ಲೇ ಇತ್ತು. ಸುಲಿಯುವ ಕಾಲ ಮುಗಿಯುವವರೆಗೂ ನಾನು ದಿನಾ ಪೆಟ್ಟಿಗೆ ತುಂಬಿಕೊಂಡು ಬಂದೆ.

ಆ ಸಲ ಸಾವ್ಕಾರರು ಅನಂತಪುರದ ಕಡೆಯಿಂದ ಹೊಸ ತಳಿಯ ಬೀಜ ತರಿಸಿದ್ದರು. ದಪ್ಪ ಕಾಳು, ಕಡುಗೆಂಪು ಹೊಟ್ಟು. ಊರಲ್ಲಿ ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ. ಅದು ನನಗೂ ಹೊಳೆಯಲಿಲ್ಲ, ಅವ್ವನಿಗೂ ಹೊಳೆಯಲಿಲ್ಲ.

ನಮ್ಮ ಕಡೆ ಬಿತ್ತನೆ ಮುಗಿಸಿದ ಮನೆಯವರು ಕೂರಿಗೆಯ ಹಿಂದೆ ಉಳಿದ ಬೀಜದಲ್ಲಿ ಒಂದು ಬೊಗಸೆ ಬೇಕಾದವರಿಗೆ ಕೊಡುತ್ತಿದ್ದರು. ಮಕ್ಕಳಿದ್ದ ಮನೆಗಳಿಂದ ಟೀಚರಮ್ಮನಿಗೂ ಹೋಗುತ್ತಿತ್ತು. ನಮ್ಮ ಬಿತ್ತನೆಯಾದ ಸಂಜೆ ಅವ್ವ ಒಂದು ಬೊಗಸೆಯನ್ನು ನನ್ನ ಲಂಗದ ಮಡಿಲಿಗೆ ಹಾಕಿ, “ಟೀಚರಮ್ಮಂಗೆ ಕೊಟ್ಟು ಬಾರೇ. ಪಾಪ, ನಿನಗೆ ಪೆಟ್ಟಿಗೆ ತಂದುಕೊಟ್ಟೋರು,” ಎಂದಳು. ಅವ್ವನ ಮನಸ್ಸಿನಲ್ಲಿ ಇದ್ದದ್ದು ಕೃತಜ್ಞತೆಯೇ. ಕದ್ದ ಬೀಜವನ್ನೇ ಕೊಡುತ್ತಿದ್ದೇನೆ ಎನ್ನುವುದು ಅವಳ ತಲೆಗೆ ಬರಲಿಲ್ಲ. ಹೊಲಕ್ಕೆ ಬಿದ್ದ ಮೇಲೆ ಬೀಜ ನಮ್ಮದೇ ಆಯಿತು ಅಂದುಕೊಂಡಿದ್ದಳೋ ಏನೋ.

ಟೀಚರಮ್ಮ ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಹಾಲಿನ ಪುಡಿಯ ಡಬ್ಬಿಗೆ ಸುರಿದು ಮುಚ್ಚಳ ಹಾಕಿದರು.

ನಾಲ್ಕೈದು ದಿನ ಕಳೆದಿರಬೇಕು. ಅಳೆದು ನೋಡಿದಾಗ ಬೀಜ ಕಡಿಮೆ ಬಂದಿದೆ ಎಂದು ಸಾವ್ಕಾರರು ಶಾಲೆಗೆ ಬಂದರು. ಮಕ್ಕಳ ಬಾಯಿಯನ್ನು ಮುದುಕಿ ಕಾದಿದ್ದರಲ್ಲ. ಹಾಗಾದರೆ ಉಳಿದವರು ಯಾರು? ರಾತ್ರಿ ಚೀಲಗಳನ್ನು ಇಡುತ್ತಿದ್ದ ಶಾಲೆಯ ಕೋಣೆಯ ಬೀಗದ ಕೈ ಇದ್ದದ್ದು ಟೀಚರಮ್ಮನ ಹತ್ತಿರ. ಅವರ ಬಾಡಿಗೆ ಕೋಣೆಗೆ ಹೋಗಿ ಹುಡುಕಿದರು. ಹಾಲಿನ ಪುಡಿ ಡಬ್ಬಿಯನ್ನು ಚಾಪೆಯ ಮೇಲೆ ಸುರಿದರು. ಮುದುಕಿ ಕೆಳಗೆ ಕುಳಿತು, ನಾಲ್ಕು ಕಾಳನ್ನು ಬೆರಳ ನಡುವೆ ತಿರುವಿ, ಒಂದನ್ನು ಹಲ್ಲಿಗೆ ಕೊಟ್ಟು, “ಇದು ನಮ್ದೇ ಬೀಜ,” ಎಂದರು. ಮುದುಕಿ ಹೇಳಿದ್ದು ನಿಜ.

ಇಲಾಖೆಯಿಂದ ಸಾಹೇಬರು ಬಂದು ಶಾಲೆಯ ಮುಂದೆ ಕುರ್ಚಿ ಹಾಕಿಸಿ ಕುಳಿತರು. ಊರೆಲ್ಲ ನೆರೆದಿತ್ತು. ನಮ್ಮನ್ನು ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ಡಬ್ಬಿ ಮೇಜಿನ ಮೇಲಿತ್ತು.

“ಇದನ್ನ ನಿಮಗೆ ಯಾರು ಕೊಟ್ರಮ್ಮ?” ಎಂದರು ಸಾಹೇಬರು.

“ಮಕ್ಕಳ ಮನೆಯವರು ಕೊಟ್ಟಿದ್ದು ಸಾರ್.”

“ಯಾವ ಮನೆಯವರು? ಹೆಸರು ಹೇಳಿ, ಇಲ್ಲೇ ಮುಗಿಸಿಬಿಡೋಣ.”

ಟೀಚರಮ್ಮ ಹೇಳಲಿಲ್ಲ. ಅವರು ಮಾಡಬೇಕಾಗಿದ್ದದ್ದು ಒಂದೇ, ಕೈಯೆತ್ತಿ ನನ್ನ ಕಡೆ ತೋರಿಸುವುದು. ಅವರು ನನ್ನ ಕಡೆ ತಿರುಗಲೂ ಇಲ್ಲ. ಆಗ ಸಾಹೇಬರು ನಮ್ಮನ್ನೇ ಕೇಳಿದರು: “ನೀವೇನಾದ್ರೂ ಕೊಟ್ಟಿದ್ರೇನ್ರೇ? ಹೆದರ್ಬೇಡಿ, ಹೇಳಿ.”

ಆ ಪಡಸಾಲೆಯಲ್ಲಿ ಮೂರು ವರ್ಷ ಒಂದು ಗಳಿಗೆಯೂ ಬಾಯಿ ಮುಚ್ಚದೆ ಇದ್ದ ನಾವು ಅವತ್ತು ಬಾಯಿ ಮುಚ್ಚಿದೆವು. ಉಳಿದವರಿಗೆ ಹೇಳುವುದಕ್ಕೆ ಏನೂ ಇರಲಿಲ್ಲ. ನನಗೆ ಇತ್ತು. ಜನರ ನಡುವೆ ಅವ್ವನೂ ಇದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು. ನನ್ನ ಕೈಯಲ್ಲಿ ಹಳದಿ ಪೆಟ್ಟಿಗೆ ಇತ್ತು. ಮುದುಕಿ ಸ್ಟೂಲಿನ ಮೇಲಿಂದ ಕಿವಿಗೊಟ್ಟು ಕೇಳುತ್ತಿದ್ದರು, ಯಾವ ದನಿಯೂ ಬರಲಿಲ್ಲ.

ಟೀಚರಮ್ಮನನ್ನು ಜಟಿಂಗ ರಾಮೇಶ್ವರ ಬೆಟ್ಟದ ಆಚೆಯ ಒಂದು ಹಳ್ಳಿಗೆ ವರ್ಗ ಮಾಡಿದರು. ಅವರ ಸೇವಾ ಪುಸ್ತಕದಲ್ಲಿ ಒಂದು ಕೆಂಪು ಸಾಲು ಬಿತ್ತು. ಆ ಸಾಲಿನಿಂದಾಗಿ ಅವರು ಕೊನೆಯವರೆಗೂ ಹೆಡ್‌ಮಿಸ್ಟ್ರೆಸ್ ಆಗಲಿಲ್ಲ ಎಂದು ನನಗೆ ತಿಳಿದದ್ದು ನಾನೇ ಇಲಾಖೆಗೆ ಸೇರಿದ ಮೇಲೆ. ಬೆಳಗಿನ ಬಸ್ಸಿಗೆ ಅವರು ಟ್ರಂಕು ಹಿಡಿದು ನಡೆದು ಹೋದರು. ಯಾರೂ ಕಳಿಸಲು ಹೋಗಲಿಲ್ಲ, ನಾನೂ ಹೋಗಲಿಲ್ಲ.

ಮುಂದಿನ ವರ್ಷ ಚೀಲಗಳು ಮತ್ತೆ ಸಾವ್ಕಾರರ ಅಂಗಳಕ್ಕೇ ಹೋದವು, ಹುಡುಗಿಯರೂ ಅವುಗಳ ಹಿಂದೆ ಹೋದರು. ಮುದುಕಿಗೆ ಮಗ್ಗಿಯ ರುಚಿ ಹತ್ತಿತ್ತು. ಹಾಡು ಬೇಡ, ಮಗ್ಗಿಯೇ ಹೇಳಿ ಎನ್ನುತ್ತಿದ್ದರು. ಹೀಗಾಗಿ ನಮ್ಮೂರಿನಲ್ಲಿ ಇಪ್ಪತ್ತರವರೆಗೆ ಮಗ್ಗಿ ಬಾಯಿಗೆ ಬರುವ, ಬಸ್ಸಿನ ಬೋರ್ಡು ಓದಲು ಬಾರದ ಹೆಂಗಸರು ಈಗಲೂ ಇದ್ದಾರೆ. ಇದೂ ನಮ್ಮ ಶಾಲೆಯ ಇತಿಹಾಸವೇ. ನಮ್ಮ ಎರಡು ಪಟ್ಟೆ ಹೊಲದಲ್ಲಿ ಮಾತ್ರ ಆ ಕದ್ದ ಬೀಜ ಬಿತ್ತಿದ ವರ್ಷ ಬಂದಂಥ ಬೆಳೆ ಮತ್ತೆ ಬರಲಿಲ್ಲ. ಅದನ್ನು ಊರವರ ಕಣ್ಣಿಗೆ ಬೀಳದಂತೆ ದೂರದ ಸಂತೆಯಲ್ಲಿ ಮಾರಿ ಅವ್ವ ನನಗೊಂದು ಟ್ರಂಕು, ಎರಡು ಜೊತೆ ಬಟ್ಟೆ ಕೊಡಿಸಿ ಚಳ್ಳಕೆರೆಯ ಹಾಸ್ಟೆಲಿಗೆ ಸೇರಿಸಿದಳು. ನಾನು ಓದಿದ್ದು, ಟೀಚರ್ ಆದದ್ದು, ಈ ಮನೆ ಕಟ್ಟಿದ್ದು, ಎಲ್ಲ ಆ ಗಡಿಗೆಯಿಂದ ಶುರುವಾದದ್ದು. ಅವ್ವ ಸಾಯುವವರೆಗೂ ಆ ಮಾತನ್ನು ನಾವಿಬ್ಬರೂ ಎತ್ತಲಿಲ್ಲ.

ಇಷ್ಟನ್ನೂ ಬರೆದೆ. ಕದ್ದವಳು ನಾನು, ಟೀಚರಮ್ಮನ ಡಬ್ಬಿಗೆ ಹಾಕಿದವಳೂ ನಾನು ಎಂದು ಬಿಡಿಸಿ ಬರೆದೆ. ಬರೆದು ಮುಗಿಸಿದಾಗ ಹಗುರವಾಯಿತು ಎಂದುಕೊಂಡೆ. ಆ ಹುರುಪಿನಲ್ಲೇ ಟೀಚರಮ್ಮ ಎಲ್ಲಿದ್ದಾರೆಂದು ವಿಚಾರಿಸಿದೆ. ದೂರ ಹುಡುಕಬೇಕಾಗಿಯೇ ಇರಲಿಲ್ಲ. ಮೊಳಕಾಲ್ಮುರಿನಲ್ಲಿ, ಸೀರೆ ನೇಯುವವರ ಬೀದಿಯಲ್ಲಿ, ಎರಡು ಕೋಣೆಯ ಮನೆಯಲ್ಲಿ ಇದ್ದರು. ನಾನು ಎಷ್ಟೋ ಸಲ ಮದುವೆಗೆ ಸೀರೆ ಕೊಳ್ಳಲು ಹೋಗಿದ್ದ ಬೀದಿ ಅದು.

ಎಂಬತ್ತರ ಹತ್ತಿರದ ಜೀವ, ಬೆನ್ನು ಬಾಗಿತ್ತು, ಮಾತಿನಲ್ಲಿ ತೆಲುಗು ಸೇರಿತ್ತು. ಪಕ್ಕದ ಮನೆಯ ಮಗ್ಗದ ಸಪ್ಪಳದ ನಡುವೆ ನಾನು ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಮುಗಿಯುವವರೆಗೂ ಕೇಳಿದರು.

“ನನಗೆ ಗೊತ್ತಿತ್ತು ಕಣೇ. ಪೆಟ್ಟಿಗೆ ಅಲ್ಲಾಡಿದ್ರೆ ಕಂಪಾಸಿನ ಸಪ್ಪಳ ಬೇರೆ, ಶೇಂಗಾ ಸಪ್ಪಳ ಬೇರೆ. ನೀನು ಎದ್ದು ಹೋಗುವಾಗ ದಿನಾ ಕೇಳಿಸ್ತಿತ್ತು.”

“ಮತ್ತೆ ಯಾಕೆ ಹೇಳ್ಲಿಲ್ಲ ಟೀಚರ್?”

“ಹೇಳಿದ್ರೆ ನಿನ್ನ ಶಾಲೆ ಬಿಡಿಸ್ತಿದ್ರು. ಅಷ್ಟು ಕಷ್ಟಪಟ್ಟು ಕೂರಿಸಿದ್ದು ಅದಕ್ಕಾ?” ಎಂದರು. “ನೀನೇ ಹೇಳ್ತೀಯ ಅಂತ ನಿಂತಿದ್ದೆ. ಆಮೇಲೆ ಟೀಚರ್ ಆದೆ ಅಂತ ಕೇಳ್ದೆ, ಈಗ ಬರ್ತಾಳೆ ಅಂದ್ಕೊಂಡೆ. ರಿಟೈರ್ ಆದೆ ಅಂತ ಕೇಳ್ದೆ. ಈಗ ಕಮಿಟಿಯೋರು ಪುಸ್ತಕಕ್ಕೆ ಬರೆಸಿದ್ರು ಅಂತ ಬಂದಿದೀಯ.”

ಅವರು ಕ್ಷಮಿಸಿದೆ ಎನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ. ಎದ್ದು ಹೊರಟಾಗ ಒಂದೇ ಮಾತು ಕೇಳಿದರು: “ಅಚ್ಚು ಹಾಕ್ತಾರಾ?”

“ಹಾಕ್ತಾರೆ ಟೀಚರ್. ನಾನೇ ತಂದುಕೊಡ್ತೀನಿ.”

“ತಾ. ಆ ಊರಿನೋರು ಓದ್ಲಿ. ನನಗೆ ಬೇರೇನೂ ಬೇಡ.”

ಅಧ್ಯಕ್ಷ ನಾನು ಕೊಟ್ಟ ಹಾಳೆಗಳನ್ನು ನಮ್ಮ ಮನೆಯ ಸೋಫಾದಲ್ಲೇ ಕುಳಿತು ಓದಿದ. ಜಗಳವಾಡುತ್ತಾನೆ ಎಂದು ನಾನು ಟೊಂಕ ಕಟ್ಟಿ ನಿಂತಿದ್ದೆ. ಅವನ ಮುತ್ತಜ್ಜಿಯನ್ನು ನಾನೇನೂ ಬಿಟ್ಟಿರಲಿಲ್ಲ. ಅವನು ಅದಕ್ಕೆ ನಕ್ಕ. “ನಮ್ಮಜ್ಜಿ ಹಂಗೇ ಇತ್ತಂತೆ ಮೇಡಂ, ಇರ್ಲಿ ಬಿಡಿ. ಟೀಚರಮ್ಮಂದೂ ಹಾಕನ, ಪಾಪ. ಆದ್ರೆ ಇದೊಂದು...” ಎಂದು ‘ನಾನು’ ಎಂದಿದ್ದ ಸಾಲುಗಳ ಮೇಲೆ ಬೆರಳಾಡಿಸಿದ. “ಅವತ್ತು ನಿಮಗೇ ಸನ್ಮಾನ ಇಟ್ಕಂಡೀವಿ. ಫ್ಲೆಕ್ಸ್‌ನಾಗೆ ನಿಮ್ಮ ಫೋಟೋ ಐತೆ, ‘ಶಾಲೆಯ ಹೆಮ್ಮೆ’ ಅಂತ. ಹುಡುಗ್ರು ಓದಿದ್ರೆ ಹೆಂಗೆ ಮೇಡಂ? ನಿಮಗೆ ಬಿಟ್ಟಿದ್ದು. ನೀವು ಹೆಂಗಂದ್ರೆ ಹಂಗೆ.”

ಅವನು ಒತ್ತಾಯ ಮಾಡಲಿಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು, ಯಾಕೆಂದರೆ ದೂರಲು ಒಬ್ಬರಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಪೆನ್ನು ತೆಗೆದವಳು ನಾನು. ‘ನಾನು’ ಎಂದಿದ್ದಲ್ಲೆಲ್ಲ ಹೊಡೆದುಹಾಕಿ ‘ಒಬ್ಬ ವಿದ್ಯಾರ್ಥಿನಿ’ ಎಂದು ಬರೆದೆ. ಟೀಚರಮ್ಮ ನಿರಪರಾಧಿ ಎಂಬ ಸಾಲು ಹಾಗೇ ಇದೆಯಲ್ಲ, ಮುಖ್ಯವಾದದ್ದು ಅದೇ ತಾನೆ ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಪಾಠ ಹೇಳುವುದು ನನಗೆ ಚೆನ್ನಾಗಿ ಬರುತ್ತದೆ.

ಸಮಾರಂಭ ಚೆನ್ನಾಗಿಯೇ ಆಯಿತು. ಶಾಲೆಯ ಗೋಡೆಗೆ ರೈಲು ಬಂಡಿಯ ಚಿತ್ರ ಬರೆಸಿದ್ದರು, ಹಳೆಯ ಪಡಸಾಲೆಗೆ ಟೈಲ್ಸ್ ಹಾಕಿಸಿದ್ದರು. ಐದನೇ ತರಗತಿಯ ಹುಡುಗಿಯರು ಸಾಲಾಗಿ ನಿಂತು ಹದಿನೇಳರ ಮಗ್ಗಿ ಹೇಳಿದರು. ನನಗೆ ಶಾಲು, ಹಾರ, ಪೇಟ. ಊಟದ ಹೊತ್ತಿನಲ್ಲಿ ನನ್ನ ವಯಸ್ಸಿನ ಒಬ್ಬಳು, ನನ್ನ ಪಕ್ಕದಲ್ಲೇ ಕುಳಿತು ಕಾಯಿ ಸುಲಿದವಳು, ಸಂಚಿಕೆಯನ್ನು ಮೊಮ್ಮಗಳಿಂದ ಓದಿಸಿಕೊಂಡು ಬಂದು ನನ್ನ ಕಿವಿಯಲ್ಲಿ ಹೇಳಿದಳು: “ಟೀಚರಮ್ಮನ ಉಳಿಸಾಕೆ ಚೆನ್ನಾಗಿ ಕಥೆ ಕಟ್ಟೀಯ ಬಿಡೇ. ನೀನು ಮೊದ್ಲಿಂದಾನೂ ಅವರ ಮುದ್ದಿನೋಳು.”

ಎರಡು ದಿನ ಬಿಟ್ಟು ಸಂಚಿಕೆಯನ್ನು ಮೊಳಕಾಲ್ಮುರಿಗೆ ತೆಗೆದುಕೊಂಡು ಹೋದೆ. ಟೀಚರಮ್ಮ ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಕುಳಿತು, ಸಾಲಿನ ಕೆಳಗೆ ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು.

“ಈ ವಿದ್ಯಾರ್ಥಿನಿ ಯಾರು?”

ನಾನು ಕಿಟಕಿಯ ಕಡೆ ತಿರುಗಿದೆ.

“ಹೆಸರಿಲ್ಲದೋಳು ಕದ್ದಳು ಅಂದ್ರೆ ಯಾರೇ ನಂಬ್ತಾರೆ? ಇದಕ್ಕಿಂತ ಬರೀದೇ ಇದ್ರೇ ಚೆನ್ನಾಗಿತ್ತು. ಮರೆತಿದ್ದೋರಿಗೂ ನೆನಪಾಯ್ತು ಈಗ.” ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ. ಸಂಚಿಕೆಯನ್ನು ಮಡಿಸಿ ನನ್ನ ಕೈಗೆ ವಾಪಸು ಕೊಟ್ಟರು. “ತಗೊಂಡು ಹೋಗು. ನಿನ್ನ ಬಸ್ಸಿಗೆ ಹೊತ್ತಾಗುತ್ತೆ.”

ಅದಕ್ಕೇ ಇದನ್ನು ಎರಡನೇ ಸಲ ಬರೆದಿದ್ದೇನೆ. ಈ ಸಲ ‘ನಾನು’ ಎಂದಿರುವುದನ್ನು ಒಂದು ಕಡೆಯೂ ಹೊಡೆದುಹಾಕಿಲ್ಲ. ಅಚ್ಚಿಗೆ ಕಳಿಸಲು ಲಕೋಟೆಯನ್ನೂ ಸಿದ್ಧ ಮಾಡಿಟ್ಟಿದ್ದೇನೆ. ಈಗ ಮೊದಲಿನಿಂದ ಓದಿ ನೋಡಿದರೆ ಊರಿನ ಹೆಸರಿಲ್ಲ, ಟೀಚರಮ್ಮನ ಹೆಸರಿಲ್ಲ. ಕೊನೆಯಲ್ಲಿ ನನ್ನ ಹೆಸರು ಬರೆಯುವ ಜಾಗಕ್ಕೆ ಬಂದು ವಾರವಾಯಿತು. ಆ ಜಾಗ ಖಾಲಿಯೇ ಇದೆ.